ಮಂಗಳೂರು, ಉಡುಪಿ ತಿರುಗಾಟದಲ್ಲಿ ಊಟದ ಖರ್ಚು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಂಗಳೂರಿನವನು. ವರ್ಷಕ್ಕೆ ನಾಲ್ಕೈದು ಸಲವಾದರೂ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯಿಂದ ನೆಂಟರೋ ಗೆಳೆಯರೋ ಬರುತ್ತಾರೆ. ರೂಮಿಗೆಷ್ಟು, ಬಸ್ಸಿಗೆಷ್ಟು ಅಂತ ಮೊದಲೇ ಲೆಕ್ಕ ಹಾಕಿರುತ್ತಾರೆ. ಊಟದ ಲೆಕ್ಕ ಮಾತ್ರ ಯಾರೂ ಹಾಕಿರುವುದಿಲ್ಲ. ಮೂರು ದಿನ ಕಳೆದ ಮೇಲೆ ನೋಡಿದರೆ ರೂಮಿಗಿಂತ ಊಟಕ್ಕೇ ಜಾಸ್ತಿ ಹೋಗಿರುತ್ತದೆ. ನನಗೆ ನಿಜಕ್ಕೂ ಬೇಜಾರಾಗುವುದು ಅದಕ್ಕಲ್ಲ. ಅಷ್ಟು ದುಡ್ಡು ಕೊಟ್ಟರೂ ನಮ್ಮೂರಿನ ಊಟವನ್ನೇ ತಿನ್ನದೆ, ನಾನ್, ಗೋಬಿ ಮಂಚೂರಿ ತಿಂದು ವಾಪಸ್ ಹೋಗಿರುತ್ತಾರಲ್ಲ, ಅದಕ್ಕೆ. ಅವರೆಲ್ಲ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಒಂದೇ ಒಂದು ಕಿವಿಮಾತು ಹೇಳಿ ಅಂದರೆ ಏನು ಹೇಳ್ತೀರಿ?

ಹೊತ್ತು ನೋಡಿ ತಿನ್ನಿ. ನಮ್ಮ ಕಡೆ ಪ್ರತಿಯೊಂದು ತಿನಿಸಿಗೂ ಒಂದು ಹೊತ್ತಿದೆ. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ, ಸಂಜೆ ಚಾ ಜೊತೆ ಗೋಳಿಬಜೆ, ಅಂದರೆ ಮಂಗಳೂರು ಬಜ್ಜಿ. ಆ ಹೊತ್ತಿಗೆ ಹೋದರೆ ತಿನಿಸು ಬಿಸಿಯಾಗಿಯೂ ಇರುತ್ತದೆ, ಅಗ್ಗವೂ ಆಗುತ್ತದೆ. ಪ್ರವಾಸಕ್ಕೆ ಬಂದವರು ಒಂಬತ್ತೂವರೆಗೆ ಎದ್ದು, ಬೀಚಿಗೆ ಹೋಗಿ, ಮೂರೂವರೆಗೆ ಹಸಿವಾಯ್ತು ಅಂತ ಹೋಟೆಲು ಹುಡುಕುತ್ತಾರೆ. ಅಷ್ಟು ಹೊತ್ತಿಗೆ ಊಟದ ಹೋಟೆಲುಗಳಲ್ಲಿ ಪಾತ್ರೆ ತೊಳೆಯುತ್ತಾ ಇರುತ್ತಾರೆ. ತೆರೆದಿರುವುದು ಏಸಿ ರೆಸ್ಟೋರೆಂಟ್ ಮಾತ್ರ, ಅಲ್ಲಿ ಒಂದೊಂದು ಐಟಂಗೂ ಬೇರೆ ಬೇರೆ ರೇಟು. ಖರ್ಚು ಏರುವುದು ಅಲ್ಲಿ.

ರೂಮಿನ ಜೊತೆ ಬೆಳಗಿನ ತಿಂಡಿ ಸೇರಿಸಿ ಬುಕ್ ಮಾಡಿದರೆ ಲಾಭವಾ?

ಬೇರೆ ಊರಲ್ಲಿ ಇರಬಹುದು. ಇಲ್ಲಿ ಹೆಚ್ಚಿನ ಸಲ ಲಾಭವಿಲ್ಲ. ತಿಂಡಿ ಸೇರಿಸಿದ ರೇಟು, ಸೇರಿಸದ ರೇಟು ಎರಡನ್ನೂ ನೋಡಿ, ನಡುವಿನ ವ್ಯತ್ಯಾಸವನ್ನು ತಲೆಗೆ ಎಷ್ಟು ಅಂತ ಭಾಗಿಸಿ. ಅದರ ಅರ್ಧ ದುಡ್ಡಿಗೆ ಹೊರಗೆ ಹೊಟ್ಟೆ ತುಂಬುತ್ತದೆ. ಲಾಡ್ಜಿನ ಬಫೆಯಲ್ಲಿ ಸಿಗುವ ಬ್ರೆಡ್ಡು, ಜಾಮು ನಿಮ್ಮೂರಲ್ಲೂ ಸಿಗುತ್ತದೆ. ಬನ್ಸ್ ಸಿಗುತ್ತದಾ? ಕಳಿತ ಬಾಳೆಹಣ್ಣು ಕಿವುಚಿ ಮೈದಾಕ್ಕೆ ಕಲಸಿ, ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಎಣ್ಣೆಗೆ ಬಿಟ್ಟ ಬನ್ಸನ್ನು ಬಿಸಿ ಇರುವಾಗಲೇ ಮುರಿದರೆ ಒಳಗೆ ಜೇನುಗೂಡಿನ ಹಾಗೆ ತೂತು ತೂತು ಇರುತ್ತದೆ, ಜೀರಿಗೆಯ ಪರಿಮಳ ಬರುತ್ತದೆ. ಎರಡು ಬನ್ಸ್, ಒಂದು ಚಾ ಆದರೆ ಹನ್ನೊಂದರವರೆಗೆ ಚಿಂತೆಯಿಲ್ಲ.

ಮಂಗಳೂರಿನಲ್ಲಿ ಸಜ್ಜಿಗೆ ಅವಲಕ್ಕಿ ಕೇಳಿ. ಸಜ್ಜಿಗೆ ಎಂದರೆ ಉಪ್ಪಿಟ್ಟು. ಅದರ ಮೇಲೆ ಖಾರದ ಅವಲಕ್ಕಿ ಹಾಕಿ ಕೊಡುತ್ತಾರೆ. ಮೆನು ಕಾರ್ಡಿನಲ್ಲಿ ಎಲ್ಲಕ್ಕಿಂತ ಕಡಿಮೆ ರೇಟಿನ ಐಟಂಗಳಲ್ಲಿ ಇದೂ ಒಂದು, ಮತ್ತು ನನಗೆ ದೋಸೆಗಿಂತ ಇದೇ ಇಷ್ಟ. ಉಡುಪಿ ರಥಬೀದಿ ಹತ್ತಿರ ಮಿತ್ರ ಸಮಾಜದಂಥ ಹಳೇ ಹೋಟೆಲಿಗೆ ಬೆಳಿಗ್ಗೆ ಬೇಗ ಹೋಗಿ. ರಶ್ ಇರುತ್ತದೆ, ಇನ್ನೊಬ್ಬರ ಟೇಬಲಲ್ಲಿ ಜಾಗ ಮಾಡಿಕೊಂಡು ಕೂರಬೇಕಾಗುತ್ತದೆ. ಕೂತುಕೊಳ್ಳಿ, ಇಲ್ಲಿ ಅದು ಮಾಮೂಲಿ.

ಫುಲ್ ಮೀಲ್ಸಾ, ಪ್ಲೇಟ್ ಮೀಲ್ಸಾ?

ಹಸಿವು ನೋಡಿ ಹೇಳಿ. ಫುಲ್ ಮೀಲ್ಸಿನಲ್ಲಿ ಅನ್ನ, ಸಾರು, ಸಾಂಬಾರು ಎಷ್ಟು ಬೇಕಾದರೂ ಬಡಿಸುತ್ತಾರೆ. ಪ್ಲೇಟ್ ಮೀಲ್ಸ್ ಎಂದರೆ ಬಟ್ಟಲಲ್ಲಿ ಬಂದಷ್ಟೇ. ತಡವಾಗಿ ತಿಂಡಿ ತಿಂದವರು ಫುಲ್ ಮೀಲ್ಸ್ ಹೇಳಿ ಅರ್ಧ ಬಿಡುತ್ತಾರೆ, ನೋಡಲಿಕ್ಕೇ ಕಷ್ಟ.

ಕೂತ ಕೂಡಲೇ "ಕುಚ್ಚಲಕ್ಕಿಯಾ ಬೆಳ್ತಿಗೆಯಾ?" ಅಂತ ಕೇಳುತ್ತಾರೆ. ಗಾಬರಿ ಬೇಡ. ಕುಚ್ಚಲಕ್ಕಿ ಎಂದರೆ ಭತ್ತವನ್ನು ಬೇಯಿಸಿ ಒಣಗಿಸಿ ಮಾಡಿದ, ದಪ್ಪ ಕಾಳಿನ ಅಕ್ಕಿ. ಬೆಳ್ತಿಗೆ ಎಂದರೆ ನಿಮ್ಮ ಕಡೆಯ ಬಿಳಿ ಅನ್ನ. ಕುಚ್ಚಲಕ್ಕಿ ಅನ್ನ ಹೊಟ್ಟೆಯಲ್ಲಿ ತುಂಬ ಹೊತ್ತು ನಿಲ್ಲುತ್ತದೆ, ಸಂಜೆವರೆಗೆ ಬೇರೆ ಏನೂ ಬೇಡ ಅನಿಸುತ್ತದೆ. ಇನ್ನೂ ಅಗ್ಗದ್ದು ಬೇಕಾದರೆ ಗಂಜಿ ಊಟ ಇರುವ ಹೋಟೆಲು ಹುಡುಕಿ. ಬಿಸಿ ಗಂಜಿ, ಚಟ್ನಿ, ಉಪ್ಪಿನಕಾಯಿ, ಒಂದು ಪಲ್ಯ. ಬಿಸಿಲಲ್ಲಿ ತಿರುಗಿ ಬಂದವರಿಗೆ ಇದಕ್ಕಿಂತ ಒಳ್ಳೆಯ ಊಟ ನಾನು ಕಂಡಿಲ್ಲ.

ಮೀನೂಟಕ್ಕೆ ಹೋದರೆ ಬಿಲ್ಲು ಯಾಕೆ ಅಷ್ಟು ಬರುತ್ತದೆ?

ಎಲ್ಲಕ್ಕಿಂತ ಜಾಸ್ತಿ ಸಲ ಕೇಳುವ ಪ್ರಶ್ನೆ ಇದೇ. ಸ್ವಲ್ಪ ವಿವರವಾಗಿ ಹೇಳ್ತೇನೆ.

ಮೀನೂಟದಲ್ಲಿ ಎರಡು ಲೆಕ್ಕ. ಊಟ ಬೇರೆ, ಫ್ರೈ ಬೇರೆ. ಊಟಕ್ಕೆ ಅನ್ನ, ಮೀನಿನ ಗಸಿ (ಕಾಯಿ ಅರೆದು ಮಾಡಿದ ಗಟ್ಟಿ ಸಾರು), ಒಂದು ಪಲ್ಯ, ಉಪ್ಪಿನಕಾಯಿ ಬರುತ್ತದೆ. ಎಷ್ಟೋ ಕಡೆ ಆ ಗಸಿಯಲ್ಲೇ ಒಂದು ಸಣ್ಣ ತುಂಡು ಮೀನೂ ಇರುತ್ತದೆ. ಇದು ಅಗ್ಗ. ಬಿಲ್ಲು ಏರುವುದು ಫ್ರೈಯಲ್ಲಿ, ಅದರಲ್ಲೂ ಯಾವ ಮೀನು ಅನ್ನುವುದರಲ್ಲಿ. ಅಂಜಲ್, ಮಾಂಜಿ, ದೊಡ್ಡ ಕಾಣೆ ಇವೆಲ್ಲ ದುಬಾರಿ. ಬಂಗುಡೆ, ಬೂತಾಯಿ ನಮ್ಮ ದಿನನಿತ್ಯದ ಮೀನು. ರುಚಿಯಲ್ಲಿ ಕಡಿಮೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮುಳ್ಳು ಜಾಸ್ತಿ, ಅಷ್ಟೇ. ನಮ್ಮ ಮನೆಯಲ್ಲಿ ಅಂಜಲ್ ಬರುವುದು ನೆಂಟರು ಬಂದಾಗ, ಬೂತಾಯಿ ವಾರಕ್ಕೆ ಎರಡು ಸಲ.

ಹಲವು ಹೋಟೆಲುಗಳ ಕಾರ್ಡಿನಲ್ಲಿ ದೊಡ್ಡ ಮೀನಿನ ಎದುರು ರೇಟೇ ಇರುವುದಿಲ್ಲ, ಸೈಜಿನ ಪ್ರಕಾರ ಅಂತ ಬರೆದಿರುತ್ತದೆ. ನನಗೆ ಒಮ್ಮೆ ಹೀಗೇ ಆಯ್ತು. ಬೆಂಗಳೂರಿನಿಂದ ಬಂದ ಅತ್ತಿಗೆ ಮನೆಯವರನ್ನು ಹೆದ್ದಾರಿ ಪಕ್ಕದ ಒಂದು ಹೋಟೆಲಿಗೆ ಕರೆದುಕೊಂಡು ಹೋಗಿದ್ದೆ. ಒಂದು ದೊಡ್ಡ ತಟ್ಟೆಯಲ್ಲಿ ಹಸಿ ಮೀನು ಜೋಡಿಸಿ ತಂದು ತೋರಿಸಿದರು. ಮಕ್ಕಳು ಇದು ಅದು ಅಂತ ಬೆರಳು ತೋರಿಸಿದರು, ನಾನು ರೇಟು ಕೇಳಲಿಲ್ಲ. ನೆಂಟರ ಎದುರು ಕೇಳೋದು ಹೇಗೆ ಅಂತ ಸುಮ್ನೆ ಕೂತೆ. ಆರು ಜನರ ಊಟಕ್ಕೆ ಬಂದ ಬಿಲ್ಲಿನಲ್ಲಿ ಮುಕ್ಕಾಲು ಪಾಲು ಎರಡೇ ಮೀನಿನದು. ಅವತ್ತಿನಿಂದ ಯಾರು ಜೊತೆಗಿದ್ದರೂ ಕೇಳುತ್ತೇನೆ. ಕೇಳುವುದರಲ್ಲಿ ಮರ್ಯಾದೆ ಹೋಗುವಂಥದ್ದು ಏನೂ ಇಲ್ಲ. ನಮ್ಮೂರಿನವರೂ ಕೇಳಿಯೇ ತಿನ್ನುವುದು.

ಮಾತು ಹೀಗೆ ಶುರು ಮಾಡಿ: "ಅಣ್ಣಾ, ಇವತ್ತು ಯಾವ ಮೀನು ಉಂಟು?" ಅವರು ಒಂದೇ ಉಸಿರಿಗೆ ಹೇಳುತ್ತಾರೆ, "ಬಂಗುಡೆ ಉಂಟು, ಕಾಣೆ ಉಂಟು, ನಂಗ್ ಉಂಟು, ಎಟ್ಟಿ ಉಂಟು, ಬೂತಾಯಿ ಈಗ ಖಾಲಿ ಆಯ್ತು ಮಾರಾಯ್ರೆ." ಆಮೇಲೆ "ಒಂದು ಪೀಸಿಗೆ ಎಷ್ಟು?" ಅಂತ ಕೇಳಿ. ಪ್ಲೇಟಿಗೆ ಎಷ್ಟು ಪೀಸು ಅಂತಲೂ ಕೇಳಿ. ನಾಲ್ಕು ಜನ ಇದ್ದರೆ ನಾಲ್ಕು ಊಟ, ಬಂಗುಡೆ ಎರಡು ಪ್ಲೇಟು, ಬೇಕಾದರೆ ಒಂದೇ ಒಂದು ಪೀಸು ಅಂಜಲ್ ಹೇಳಿ ಎಲ್ಲರೂ ರುಚಿ ನೋಡಿದರೆ ಸಾಕು. ಎಟ್ಟಿ ಎಂದರೆ ಸಿಗಡಿ. ಮರ್ವಾಯಿ ಎಂದರೆ ಚಿಪ್ಪುಮೀನು. ಮರ್ವಾಯಿ ಸುಕ್ಕ (ಕಾಯಿ ಮಸಾಲೆ ಹಾಕಿದ ಒಣ ಪಲ್ಯ) ಇದ್ದ ದಿನ ಅದನ್ನು ಬಿಡಬೇಡಿ.

ಇಲ್ಲೂ ಹೊತ್ತು ಮುಖ್ಯ. ಹನ್ನೆರಡೂವರೆಗೆ ಕೂತರೆ ಎಲ್ಲ ಮೀನೂ ಇರುತ್ತದೆ. ಎರಡೂವರೆಗೆ ಹೋದರೆ ಅಗ್ಗದ್ದು ಮೊದಲು ಖಾಲಿಯಾಗಿ ದುಬಾರಿಯದ್ದು ಮಾತ್ರ ಉಳಿದಿರುತ್ತದೆ, ಬೇರೆ ದಾರಿಯಿಲ್ಲದೆ ಅದನ್ನೇ ಹೇಳಬೇಕಾಗುತ್ತದೆ. ಇನ್ನೊಂದು, ಭಾನುವಾರ ಮಂಗಳೂರು ಪೇಟೆಯಲ್ಲಿ ಎಷ್ಟೋ ಸಣ್ಣ ಹೋಟೆಲುಗಳು ಮುಚ್ಚಿರುತ್ತವೆ. ಮೀನೂಟವನ್ನು ಶನಿವಾರಕ್ಕೇ ಇಟ್ಟುಕೊಳ್ಳಿ.

ಮಳೆಗಾಲದಲ್ಲಿ ಬಂದರೆ?

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಮೀನು ಮರಿ ಮಾಡುವ ಕಾಲ, ಸಮುದ್ರವೂ ಜೋರು. ಮಲ್ಪೆಯಲ್ಲಿ, ಮಂಗಳೂರಿನ ಧಕ್ಕೆಯಲ್ಲಿ (ಮೀನುಗಾರಿಕಾ ಬಂದರು) ಬೋಟುಗಳು ಸಾಲಾಗಿ ನಿಂತಿರುತ್ತವೆ. ಆಗ ಸಿಗುವುದು ನಾಡದೋಣಿಯವರು ತಂದ ಸ್ವಲ್ಪ ಮೀನು, ಇಲ್ಲದಿದ್ದರೆ ಐಸಿನಲ್ಲಿಟ್ಟದ್ದು, ಹೊರರಾಜ್ಯದಿಂದ ಬಂದದ್ದು. ರೇಟು ಏರಿರುತ್ತದೆ, ತಾಜಾತನ ಇಳಿದಿರುತ್ತದೆ. ಹೋಟೆಲಿನವರ ತಪ್ಪಲ್ಲ ಅದು.

ಆ ಎರಡು ತಿಂಗಳು ಸಸ್ಯಾಹಾರದ ಕಡೆ ಬನ್ನಿ. ಕೆಸುವಿನ ಎಲೆಯ ಪತ್ರೊಡೆ, ಕಣಿಲೆ (ಎಳೆ ಬಿದಿರು), ಹಲಸಿನ ಎಲೆಯಲ್ಲಿ ಬೇಯಿಸಿದ ಕೊಟ್ಟೆ ಕಡುಬು, ಇವೆಲ್ಲ ಮಳೆಗಾಲದ್ದೇ ರುಚಿ. ಮೀನೇ ಬೇಕು ಅನ್ನುವವರು ಆಗಸ್ಟಿನಲ್ಲಿ ಬೋಟುಗಳು ಕಡಲಿಗೆ ಇಳಿಯುವವರೆಗೆ ಕಾಯುವುದು ಒಳ್ಳೆಯದು.

ಕೃಷ್ಣ ಮಠದಲ್ಲಿ, ದೇವಸ್ಥಾನಗಳಲ್ಲಿ ಎಲ್ಲರೂ ಊಟ ಮಾಡಬಹುದಾ? ದುಡ್ಡು ಕೊಡಬೇಕಾ?

ಉಡುಪಿ ಕೃಷ್ಣ ಮಠದಲ್ಲಿ ಬಂದ ಭಕ್ತರಿಗೆ ಅನ್ನಪ್ರಸಾದ ಇದೆ, ದುಡ್ಡು ಕೇಳುವುದಿಲ್ಲ. ಧರ್ಮಸ್ಥಳ, ಕಟೀಲು, ಕುಕ್ಕೆ ಸುಬ್ರಹ್ಮಣ್ಯ, ಕೊಲ್ಲೂರುಗಳಲ್ಲೂ ಹೀಗೇ. ಮಂಗಳೂರಿನಿಂದ ಕಟೀಲಿಗೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆ. ನಂದಿನಿ ನದಿಯ ನಡುವಿನ ದೇವಸ್ಥಾನ ನೋಡಿ, ದರ್ಶನ ಮಾಡಿ, ಅಲ್ಲೇ ಊಟ ಮುಗಿಸಿ ಬರಬಹುದು.

ಆದರೆ ಇದನ್ನು ದುಡ್ಡು ಉಳಿಸುವ ಉಪಾಯ ಅಂತ ಯಾರಾದರೂ ಹೇಳಿದರೆ ನನಗೆ ಸರಿ ಕಾಣುವುದಿಲ್ಲ. ಆ ಅನ್ನ ಎಲ್ಲಿಂದ ಬರುತ್ತದೆ ಅಂತ ಒಮ್ಮೆ ನೋಡಿ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ, ಜನವರಿ 18ರಂದು, ಪರ್ಯಾಯ ನಡೆಯುತ್ತದೆ. ಕೃಷ್ಣನ ಪೂಜೆಯ ಹೊಣೆ ಎಂಟು ಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಅದಕ್ಕೂ ಮೊದಲಿನ ದಿನಗಳಲ್ಲಿ ಊರೂರಿಂದ ಹೊರೆಕಾಣಿಕೆ ಬರುತ್ತದೆ. ಲಾರಿಗಟ್ಟಲೆ ಅಕ್ಕಿ, ತೆಂಗಿನಕಾಯಿ, ಬೆಲ್ಲ, ತರಕಾರಿ. ತನ್ನ ತೋಟದ ನಾಲ್ಕು ಕುಂಬಳಕಾಯಿ ತಂದವರೂ ಇರುತ್ತಾರೆ. ಮಟ್ಟು ಊರಿನ ರೈತರು ಗುಳ್ಳ (ಅಲ್ಲಿನ ಬದನೆಕಾಯಿ) ತರುತ್ತಾರೆ. ಹಾಗಾಗಿ ಹೋಗಿ, ಸಾಲಲ್ಲಿ ಕೂತು ತಿನ್ನಿ, ಬೇಕಾದಷ್ಟೇ ಹಾಕಿಸಿಕೊಳ್ಳಿ, ಎಲೆಯಲ್ಲಿ ಬಿಡಬೇಡಿ. ಎದ್ದು ಬರುವಾಗ ಅನ್ನದಾನದ ಹುಂಡಿಗೆ ಕೈಲಾದಷ್ಟು ಹಾಕಿ. ಹಾಕಲಿಕ್ಕೆ ಆಗದಿದ್ದರೆ ಯಾರೂ ಏನೂ ಕೇಳುವುದಿಲ್ಲ, ಅದೂ ಅಷ್ಟೇ ನಿಜ.

ತಿಳಿದಿರಬೇಕಾದ ಒಂದು ವಿಷಯ: ಏಕಾದಶಿ ದಿನ ಕೃಷ್ಣ ಮಠದಲ್ಲಿ ಊಟ ಇರುವುದಿಲ್ಲ. ತಿಂಗಳಿಗೆ ಎರಡು ಏಕಾದಶಿ ಬರುತ್ತದೆ. ಹೊರಡುವ ಮೊದಲು ಕ್ಯಾಲೆಂಡರ್ ನೋಡಿಕೊಳ್ಳಿ. ಮಕ್ಕಳನ್ನು ಕರೆದುಕೊಂಡು ಹಸಿದು ಬಂದು, ಊಟ ಇಲ್ಲ ಅಂತ ಗೊತ್ತಾಗಿ ರಥಬೀದಿಯಲ್ಲಿ ನಿಂತವರನ್ನು ನೋಡಿದ್ದೇನೆ. ಗಂಡಸರು ಮಠದ ಒಳಗೆ ಹೋಗುವಾಗ ಅಂಗಿ ತೆಗೆಯಬೇಕು, ಶಲ್ಯ ಇಟ್ಟುಕೊಂಡರೆ ಒಳ್ಳೆಯದು.

ರಾತ್ರಿ ಯಕ್ಷಗಾನ ಬಯಲಾಟಕ್ಕೆ ಹೋದರೆ ಅಲ್ಲೂ ಊಟ ಇರುತ್ತದಂತೆ, ಹೌದಾ?

ಹೌದು. ನವೆಂಬರಿನಿಂದ ಮೇ ಕೊನೆಯ ಪತ್ತನಾಜೆವರೆಗೆ (ಮೇಳಗಳು ತಿರುಗಾಟ ಮುಗಿಸುವ ದಿನ) ಯಕ್ಷಗಾನ ಮೇಳಗಳ ತಿರುಗಾಟ. ಹರಕೆಯ ಆಟ ಆಡಿಸುವ ಮನೆಯವರು, ಉದಾಹರಣೆಗೆ ಕಟೀಲು ಮೇಳದ ಆಟವಾದರೆ ವರ್ಷಗಟ್ಟಲೆ ಮೊದಲೇ ಹೆಸರು ಬರೆಸಿ ಕಾದವರು, ಆ ರಾತ್ರಿ ಬಂದವರಿಗೆಲ್ಲ ಊಟ ಹಾಕುತ್ತಾರೆ. ಗುರುತು ಪರಿಚಯ ಕೇಳುವುದಿಲ್ಲ, "ಊಟ ಆಯ್ತಾ? ಮೊದಲು ಊಟ ಮಾಡಿ" ಅನ್ನುತ್ತಾರೆ. ಕರೆದಾಗ ಬೇಡ ಅನ್ನಬೇಡಿ. ಊಟ ಮಾಡಿದ ಮೇಲೆ ಚೌಕಿಪೂಜೆ (ವೇಷ ಹಾಕುವ ಜಾಗದಲ್ಲಿ ನಡೆಯುವ ಪೂಜೆ) ನೋಡಿ, ಒಂದೆರಡು ಗಂಟೆಯಾದರೂ ಆಟ ನೋಡಿ. ಉಂಡ ಕೂಡಲೇ ಕಾರು ಹತ್ತಿದರೆ ಆ ಮನೆಯವರಿಗೆ ಹೇಗಾದೀತು, ಅಲ್ವಾ?

ಇಂದಿರಾ ಕ್ಯಾಂಟೀನ್ ಇದೆಯಾ?

ಎರಡೂ ಊರಲ್ಲಿ ಇದೆ. ಸರ್ಕಾರ 2017ರಲ್ಲಿ ಶುರು ಮಾಡಿದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಇಟ್ಟಿತ್ತು. ಬೇಗ ಖಾಲಿಯಾಗುತ್ತದೆ. ಕೂಲಿಗೆ ಹೋಗುವವರು, ಆಸ್ಪತ್ರೆಗೆ ಬಂದವರು ಇದನ್ನೇ ನಂಬಿಕೊಂಡಿರುತ್ತಾರೆ. ನಿಜವಾಗಿ ಕೈ ಖಾಲಿ ಇದ್ದರೆ ಹೋಗಿ, ಸಂಕೋಚ ಬೇಡ.

ಸಂಜೆ ಹಸಿವಾದರೆ?

ನಾಲ್ಕು ಗಂಟೆಗೆ ಯಾವುದೇ ಸಣ್ಣ ಹೋಟೆಲಿನ ಬಾಗಿಲಲ್ಲಿ ನಿಂತರೂ ಗೋಳಿಬಜೆಯ ವಾಸನೆ ಬರುತ್ತದೆ. ಭಟ್ರು ಬಾಣಲೆ ಎದುರು ನಿಂತು, ಕೈಯನ್ನು ನೀರಿಗೆ ಅದ್ದಿ, ಹುಳಿ ಬಂದ ಹಿಟ್ಟನ್ನು ಬೆರಳ ತುದಿಯಿಂದ ಎಣ್ಣೆಗೆ ಬಿಡುತ್ತಾರೆ. ಮುಳುಗಿದ ಹಿಟ್ಟು ಉಬ್ಬಿ ಮೇಲೆ ಬಂದು ತಾನಾಗಿ ಮಗುಚಿಕೊಳ್ಳುತ್ತದೆ. ಒಂದು ಪ್ಲೇಟು, ಕಾಯಿ ಚಟ್ನಿ, ಎರಡು ಚಾ, ಇಬ್ಬರಿಗೆ ಸಾಕು. ಪಣಂಬೂರು, ಮಲ್ಪೆ ಬೀಚಿಗೆ ಹೋಗುವುದಾದರೆ ಹೀಗೆ ತಿಂದುಕೊಂಡೇ ಹೋಗಿ. ಬೀಚಿನಲ್ಲಿ ಮಕ್ಕಳು ಕಂಡದ್ದನ್ನೆಲ್ಲ ಕೇಳುತ್ತಾರೆ. ಹೊಟ್ಟೆ ತುಂಬಿದ್ದರೆ ಒಂದು ಚರುಮುರಿಯಲ್ಲಿ ಮುಗಿಯುತ್ತದೆ.

ಇಲ್ಲಿ ಬೊಂಡ ಅಂದರೆ ಎಳನೀರು, ಎಣ್ಣೆಯಲ್ಲಿ ಕರಿದದ್ದಲ್ಲ. ಬೆಂಗಳೂರಿನವರಿಗೆ ಇದು ಮೊದಲೇ ಗೊತ್ತಿದ್ದರೆ ಒಳ್ಳೆಯದು. ತಂಪು ಪಾನೀಯದ ಬದಲು ಬೊಂಡ ಕುಡಿಯಿರಿ.

ರಾತ್ರಿ ಊಟ?

ಹಗುರ ಮಾಡಿ. ಮಧ್ಯಾಹ್ನದ ಮೀಲ್ಸ್ ರಾತ್ರಿಗೆ ಎಲ್ಲ ಕಡೆ ಇರುವುದಿಲ್ಲ. ರಾತ್ರಿಯ ಮೆನುವಿನಲ್ಲಿ ನಾರ್ತ್ ಇಂಡಿಯನ್, ಚೈನೀಸ್ ಜಾಸ್ತಿ, ಅದಕ್ಕೇ ಬಿಲ್ಲೂ ಜಾಸ್ತಿ. ನೀರುದೋಸೆ, ಒಂದು ಗಸಿ ಸಾಕು. ನಾಲ್ಕು ಜನರಿಗೆ ಕೋಳಿ ಸುಕ್ಕ ಒಂದೇ ಪ್ಲೇಟು ಹೇಳಿ, ನೀರುದೋಸೆ ಬೇಕಾದಷ್ಟು ತರಿಸಿ. ಮಣಿಪಾಲದಲ್ಲಿ ಇದ್ದರೆ ಇನ್ನೂ ಸುಲಭ. ವಿದ್ಯಾರ್ಥಿಗಳ ಊರು, ಒಳ ರಸ್ತೆಗಳಲ್ಲಿ ಹುಡುಗರು ಗುಂಪಾಗಿ ಕೂತು ಊಟ ಮಾಡುವ ಜಾಗ ನೋಡಿ ಹೋಗಿ.

ಘೀ ರೋಸ್ಟ್, ಗಡ್‌ಬಡ್ ಬಿಡಬೇಕಾ ಹಾಗಾದರೆ?

ಖಂಡಿತ ಬಿಡಬೇಡಿ. ಅದಕ್ಕೆಂದೇ ಉಳಿದ ಕಡೆ ಉಳಿಸುವುದು. ಕುಂದಾಪುರದ ಶೆಟ್ಟಿ ಲಂಚ್ ಹೋಂನಿಂದ ಊರೆಲ್ಲ ಹಬ್ಬಿದ ಚಿಕನ್ ಘೀ ರೋಸ್ಟ್ ತುಪ್ಪದ್ದು, ಒಬ್ಬರಿಗೆ ಒಂದು ಪ್ಲೇಟು ಭಾರವೇ. ಹಂಚಿಕೊಂಡು ತಿಂದರೇ ರುಚಿ. ಗಡ್‌ಬಡ್ ಹುಟ್ಟಿದ್ದು ಉಡುಪಿಯ ಡಯಾನಾ ಹೋಟೆಲಿನಲ್ಲಿ ಅನ್ನುತ್ತಾರೆ. ಮಂಗಳೂರಿನಲ್ಲಿ 1975ರಿಂದ ಇರುವ ಐಡಿಯಲ್ ಐಸ್‌ಕ್ರೀಂನವರದ್ದು ತಿನ್ನದೆ ಯಾರೂ ವಾಪಸ್ ಹೋಗುವುದಿಲ್ಲ. ಉದ್ದದ ಗ್ಲಾಸು, ಒಳಗೆ ಪದರ ಪದರವಾಗಿ ಐಸ್‌ಕ್ರೀಂ, ಹಣ್ಣು, ಜೆಲ್ಲಿ, ಗೋಡಂಬಿ. ಇಬ್ಬರಿಗೆ ಒಂದು, ಎರಡು ಚಮಚ.

ಬಿಲ್ಲಿನಲ್ಲಿ ಏನು ನೋಡಬೇಕು?

ಮೂರು ಜಾಗ ನೋಡಿ. ಮೊದಲು ಐಟಂ, ಸಂಖ್ಯೆ. ತಿನ್ನದ್ದು ಸೇರಿದೆಯಾ ಅಂತ. ಆಮೇಲೆ ಜಿಎಸ್‌ಟಿ. ಸಾಮಾನ್ಯ ಹೋಟೆಲುಗಳಲ್ಲಿ ಅದು 5 ಶೇಕಡಾ. ಬಿಲ್ಲಿನಲ್ಲಿ ಜಿಎಸ್‌ಟಿ ನಂಬರೇ ಇಲ್ಲದಿದ್ದರೆ ತೆರಿಗೆ ತೆಗೆದುಕೊಳ್ಳುವ ಹಾಗಿಲ್ಲ. ಕಾಂಪೊಸಿಷನ್ ಸ್ಕೀಮಿನಲ್ಲಿರುವ, ಅಂದರೆ ವಹಿವಾಟಿನ ಮೇಲೆ ತಾವೇ ತೆರಿಗೆ ಕಟ್ಟುವ, ಸಣ್ಣ ಹೋಟೆಲಿನವರೂ ಗಿರಾಕಿಯಿಂದ ಬೇರೆಯಾಗಿ ತೆರಿಗೆ ತೆಗೆದುಕೊಳ್ಳುವಂತಿಲ್ಲ.

ಮೂರನೆಯದು ಸರ್ವಿಸ್ ಚಾರ್ಜ್. ಇದು ತೆರಿಗೆ ಅಲ್ಲ. ಹೋಟೆಲಿನವರು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿದೆ, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಕಂಡರೆ ತೆಗೆಯಲು ಹೇಳಿ. ಜಗಳ ಬೇಡ, ಮೆಲ್ಲ ಹೇಳಿದರೂ ಸಾಕು. ಒಪ್ಪದಿದ್ದರೆ 1915ಕ್ಕೆ ಫೋನ್ ಮಾಡಬಹುದು, ಅದು ಗ್ರಾಹಕರ ಸಹಾಯವಾಣಿ. ಬಡಿಸಿದ ಹುಡುಗ ಚೆನ್ನಾಗಿ ನೋಡಿಕೊಂಡಿದ್ದರೆ ಅವನ ಕೈಗೇ ಹತ್ತಿಪ್ಪತ್ತು ಕೊಡಿ.

ರೂಮಿಗೇ ಆನ್‌ಲೈನ್ ಆರ್ಡರ್ ಮಾಡಿದರೆ?

ಆ್ಯಪಿನಲ್ಲಿ ಎಷ್ಟೋ ಸಲ ಮೆನು ರೇಟೇ ಜಾಸ್ತಿ ಇರುತ್ತದೆ. ಅದರ ಮೇಲೆ ಪ್ಯಾಕಿಂಗು, ಡೆಲಿವರಿ, ಪ್ಲಾಟ್‌ಫಾರ್ಮ್ ಫೀಸು. ಸುಸ್ತಾಗಿದ್ದರೆ ಒಬ್ಬರು ಹೋಗಿ ಪಾರ್ಸೆಲ್ ತನ್ನಿ. ಗೋಳಿಬಜೆ, ನೀರುದೋಸೆ ಡಬ್ಬಿಯೊಳಗೆ ಬೆವತು ಕೆಡುತ್ತವೆ, ಅವನ್ನಂತೂ ತರಿಸಲೇಬೇಡಿ.

ನೀರಿನ ಬಾಟಲಿ ಕೊಳ್ಳಲೇಬೇಕಾ?

ಬೇಡ. ಇಲ್ಲಿ ಹೆಚ್ಚಿನ ಹೋಟೆಲುಗಳಲ್ಲಿ ಕುದಿಸಿದ ಬಿಸಿ ನೀರು ಕೊಡುತ್ತಾರೆ. "ಬಿಸಿ ನೀರು ಕೊಡಿ" ಅಂತ ಬಾಯಿಬಿಟ್ಟು ಕೇಳಿ. ಸೆಖೆಯ ಊರು, ದಿನಕ್ಕೆ ಮೂರು ನಾಲ್ಕು ಲೀಟರ್ ಬೇಕಾಗುತ್ತದೆ. ಒಂದು ಸ್ಟೀಲ್ ಬಾಟಲಿ ತಂದು ಊಟ ಮಾಡಿದಲ್ಲೆಲ್ಲ ತುಂಬಿಸಿಕೊಳ್ಳಿ.

ಸಣ್ಣ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ?

ಫುಲ್ ಮೀಲ್ಸನ್ನು ಇಬ್ಬರು ಹಂಚಿಕೊಳ್ಳಲು ಹೋಟೆಲಿನವರು ಬಿಡುವುದಿಲ್ಲ, ಅದು ನ್ಯಾಯವೇ. ಆದರೆ ಸಣ್ಣ ಮಗುವಿಗೆ ಒಂದು ಖಾಲಿ ತಟ್ಟೆ ಕೇಳಿದರೆ ಕೊಡುತ್ತಾರೆ. ಮೂರ್ನಾಲ್ಕು ವರ್ಷದ ಮಗುವಿಗೆ ಅಮ್ಮನ ಅನ್ನದಲ್ಲೇ ಎರಡು ತುತ್ತು, ಸಾರು ಸಾಕು. ವಯಸ್ಸಾದವರಿಗೆ ಪ್ಲೇಟ್ ಮೀಲ್ಸ್ ಅಥವಾ ಗಂಜಿ ಹೇಳಿ. ನನ್ನ ಅಮ್ಮನಿಗೆ ಪ್ರವಾಸದಲ್ಲಿ ಎಣ್ಣೆಯದು ಆಗುವುದಿಲ್ಲ, ಎಲ್ಲಿ ಹೋದರೂ ಮೊದಲು ಕೇಳುವುದು "ಗಂಜಿ ಉಂಟಾ?" ಅಂತ. ಇಲ್ಲ ಅಂದರೆ ಇಡ್ಲಿ.

ಬರುವಾಗ, ಹೋಗುವಾಗ ದಾರಿಯ ಊಟ?

ರಾತ್ರಿ ಬಸ್ಸುಗಳು ನಿಲ್ಲಿಸುವ ಹೋಟೆಲುಗಳಲ್ಲಿ ಬೇರೆ ಆಯ್ಕೆ ಇರುವುದಿಲ್ಲ, ಅವರು ಹೇಳಿದ್ದೇ ರೇಟು. ಬರುವಾಗ ಮನೆಯಿಂದ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಬನ್ನಿ. ಹೋಗುವಾಗ ಇಲ್ಲಿಂದ ಕಟ್ಟಿಕೊಳ್ಳಿ. ಬನ್ಸ್ ಮಾರನೇ ದಿನಕ್ಕೂ ಚೆನ್ನಾಗಿರುತ್ತದೆ. ಕೊಟ್ಟೆ ಕಡುಬು ಸಿಕ್ಕಿದರೆ ಎಲೆ ಬಿಡಿಸದೆ ಹಾಗೇ ಕೊಡಲು ಹೇಳಿ, ಜೊತೆಗೆ ಚಟ್ನಿ ಬೇಡ, ಹಳಸುತ್ತದೆ, ಉಪ್ಪಿನಕಾಯಿ ಸಾಕು. ಬೆಳಿಗ್ಗೆ ಬೆಂಗಳೂರಲ್ಲಿ ಇಳಿದು ಮನೆಗೆ ಹೋಗಿ ಎಲೆ ಬಿಡಿಸಿದರೆ ಹಲಸಿನೆಲೆಯ ಪರಿಮಳ ಇನ್ನೂ ಇರುತ್ತದೆ. ಒಂದು ಸಲ ಹಬೆಯಲ್ಲಿ ಬಿಸಿ ಮಾಡಿ ತಿನ್ನಿ.